ಗಡಿಯಾರದ ಗುಂಡಿ

ನವಲಗುಂದದಿಂದ ಹತ್ತೂವರೆಯ ಬಸ್ಸಿಗೆ ಬಂದ ಜಹೀರುದ್ದೀನ, ತಿರ್ಲಾಪುರದ ನೀಲಕ್ಕನ ಪಡಸಾಲೆಯಲ್ಲಿ ಕುಳಿತು ಎದುರಿನ ಬಿಳಿ ಪೆಟ್ಟಿಗೆಯನ್ನು ಸುತ್ತ ತಿರುಗಿಸಿ ನೋಡಿದ. ರೇಡಿಯೋ, ಟಿ.ವಿ. ಬಿಚ್ಚಿದ ಕೈ ಅವನದು. ಬೆಂಕಿಯಿಲ್ಲದೆ ಅನ್ನ ಬಿಸಿ ಮಾಡುವ ಮೈಕ್ರೋವೇವ್ ಕಂಡದ್ದು ಇದೇ ಮೊದಲು.

“ಯಾವಾಗಿಂದ ಕೆಟ್ಟೈತ್ರಿ ಅಕ್ಕಾರ?”

“ಸೋಮಾರದಿಂದ. ಅಂಕೀನ ಮೂಡವಲ್ವು. ಗುಂಡಿ ಒತ್ತಿದ್ರ ಸುಮ್ಮನಿರ್ತದ.”

ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಗಂಡ ಶಂಭುಲಿಂಗಪ್ಪ ಅದನ್ನು ಮಸ್ಕತ್ತಿನಿಂದ ತಂದಿದ್ದ. ಅಲ್ಲಿ ಅವನಿಗೆ ಪೈಪು ಜೋಡಿಸುವ ಕೆಲಸ. ಈ ದೀಪಾವಳಿಗೆ ಬರುತ್ತೇನೆಂದವನು, ಇನ್ನೊಂದು ವರ್ಷ ನಿಲ್ಲುತ್ತೇನೆಂದು ಬರೆದ. ಆಮೇಲೆ ಪತ್ರವಿಲ್ಲ.

ಬಾಜು ಮನೆಯ ಕೆಂಚವ್ವ ಬಾಗಿಲಲ್ಲಿ ಇಣುಕಿದಳು. “ಅಲ್ಲ ನೀಲಾ, ಒಂದಿನಾನೂ ಅದರಾಗ ಒಂದಗಳು ಬೇಯಿಸಲಿಲ್ಲ. ಒಲಿ ಮ್ಯಾಲಿನ ನುಚ್ಚು ಉಣ್ಣಾಕಿಗೆ ಇದರ ರಿಪೇರಿ ಯಾಕವಾ? ದೇವರ ಜಗಲಿ ಮ್ಯಾಲಿಟ್ಟು ಎರಡು ಹೂ ಏರ್ಸು, ಸಾಕು.”

“ಕೆಂಚಕ್ಕಾ, ನಿನ್ನ ಜ್ವಾಳಕ್ಕ ಕೋಳಿ ಬಾಯಿ ಹಾಕ್ಯಾವ ನೋಡು.”

ಕೆಂಚವ್ವ ಕೋಳಿಗಳ ವಂಶವನ್ನೆಲ್ಲ ಬೈಯುತ್ತ ಓಡಿದಳು.

ಜಹೀರುದ್ದೀನ ಪೆಟ್ಟಿಗೆಯ ಬಾಗಿಲು ತೆಗೆದ. ಒಳಗಿನ ದೀಪ ಹತ್ತಿತು. “ಕರೆಂಟ್ ಬರಾಕತ್ತೈತಿ. ಫ್ಯೂಸ್ ಹೋಗಿಲ್ಲ,” ಎಂದ. ಪಿನ್ನು ಕಿತ್ತು, ಮೇಲಿನ ತಗಡು ಬಿಚ್ಚಿ, ಒಳಗೊಂದು ಕಡೆ ಸ್ಕ್ರೂಡ್ರೈವರ್ ಮುಟ್ಟಿಸಿದ. ಚಟ್ಟೆಂದು ಕಿಡಿ ಹಾರಿತು. ನೀಲಕ್ಕ ಬೆಚ್ಚಿದಳು.

“ಪಿನ್ ಕಿತ್ತ ಮ್ಯಾಲೂ ಇದರ ಹೊಟ್ಟ್ಯಾಗ ಕರೆಂಟ್ ಕುಂತಿರ್ತೈತ್ರಿ. ಟಿ.ವಿ.ನೂ ಹಿಂಗ.”

ಗುಂಡಿಗಳ ಹಿಂದಿನಿಂದ ಲಾಡಿಯಂಥ ತೆಳು ಪಟ್ಟಿಯೊಂದು ಇಳಿದು ಒಳಗಿನ ಸರ್ಕಿಟ್ ಹಲಗೆಗೆ ಸೇರಿತ್ತು. ಸೇರುವಲ್ಲಿ ಬೂದುಬಣ್ಣದ ಕೆಸರು ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ನೋಡಿದ.

“ಇದು ವಿಭೂತಿ ಅಲ್ರೀ?”

ನೀಲಕ್ಕ ತನ್ನ ಬೆರಳು ನೋಡಿಕೊಂಡಳು. ಊರಿನಲ್ಲಿ ಕರೆಂಟು ದಿನಕ್ಕೆ ಮೂರು ಸಲ ಹೋಗಿ ಬರುತ್ತಿತ್ತು. ಬಂದಾಗಲೆಲ್ಲ ಪೆಟ್ಟಿಗೆಯ ಗಡಿಯಾರದಲ್ಲಿ ಬರೀ ಸೊನ್ನೆ. ಲಿಂಗಪೂಜೆಯಲ್ಲಿದ್ದರೂ ಎಡ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಎದ್ದು ಬಂದು, ಒದ್ದೆ ವಿಭೂತಿಯ ಬಲಗೈಯಿಂದ ಗುಂಡಿ ಒತ್ತುತ್ತಿದ್ದಳು. ಪೂಜೆಯ ನಡುವೆ ಏಳಬಾರದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಸ್ಪಿರಿಟಿನಲ್ಲಿ ಒರೆಸಿ, ಒಣಗಿಸಿ, ಪಿನ್ನು ಸಿಕ್ಕಿಸಿದ. ಹಸಿರು ಸೊನ್ನೆಗಳು ಮೂಡಿದವು. ನೀಲಕ್ಕ ಹತ್ತಿರ ಸರಿದು ಬಗ್ಗಿದಳು. ಆದರೆ ಒಂದು ಗುಂಡಿ ಮಾತ್ರ ಎಷ್ಟು ಒತ್ತಿದರೂ ಮಾತಾಡಲಿಲ್ಲ.

“ಅಡಿಗಿ ಶುರು ಮಾಡೂ ಗುಂಡಿ ಹೊಸಾದಿದ್ದಂಗ ಐತಿ. ಗಡಿಯಾರದ್ದು ಸವದು ತಳಾ ಕಂಡೈತಿ. ಅಡಿಗಿ ಆಗ್ತೈತ್ರಿ. ಗಡಿಯಾರ ಆಗಂಗಿಲ್ಲ.”

“ನನಗ ಗಡಿಯಾರಾನ ಬೇಕು.”

“ಗ್ವಾಡಿಗೆ ಒಂದೈತೆಲ್ರಿ?”

ಅವಳು ಗೋಡೆಯ ಕಡೆ ತಿರುಗಲೇ ಇಲ್ಲ. ಅವನು ಹಲಗೆಯನ್ನು ತಿರುಗಿಸಿ ನೋಡಿದ. “ಶುರು ಗುಂಡೀ ತಂತಿ ಇಲ್ಲಿ ಕಡಿದು ಗಡಿಯಾರಕ್ಕ ಜೋಡಿಸಬಹುದು. ಆದ್ರ ಆಮ್ಯಾಲ ಇದು ಏನೂ ಬಿಸಿ ಮಾಡಂಗಿಲ್ಲ. ನಿಮ್ಮ ಯಜಮಾನ್ರು ಬಂದು ಕೇಳಿದ್ರ ಏನ್ ಹೇಳ್ತೀರಿ?”

“ಬಂದು ಕೇಳಲಿ,” ಎಂದಳು ನೀಲಕ್ಕ.

ಅವನು ಬೆಸುಗೆ ಹಾಕಿ ಮುಗಿಸಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಅದನ್ನೇ ಒತ್ತಲು ಬೆರಳು ಎತ್ತಿದ.

“ಹನ್ನೊಂದು ಹಾಕ್ರಿ.”

ಅವನು ಗೋಡೆ ನೋಡಿದ. ಅವಳನ್ನು ನೋಡಿದ.

“ಅಲ್ಲೀಗ ಹನ್ನೊಂದು,” ಎಂದಳು.

ಜಹೀರುದ್ದೀನ ಹನ್ನೊಂದು ಒತ್ತಿ, ಚೀಲ ಕಟ್ಟಿಕೊಂಡು ಬಸ್ಸಿಗೆ ಹೋದ.

ಸಂಜೆ ಪೂಜೆಗೆ ಕುಳಿತಾಗ ಕರೆಂಟು ಹೋಗಿ ಬಂತು. ಪಡಸಾಲೆಯಲ್ಲಿ ಹಸಿರು ಸೊನ್ನೆಗಳು ಮಿಣುಕತೊಡಗಿದವು. ನೀಲಕ್ಕ ಅರ್ಧ ಎದ್ದಳು. ಮತ್ತೆ ಕುಳಿತಳು. ಪೂಜೆ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿ, ಇನ್ನೊಮ್ಮೆ ಒರೆಸಿ ಬಂದಳು. ಗೋಡೆಯಲ್ಲಿ ಏಳು ಗಂಟೆ ಐದು ನಿಮಿಷ. ಐದು ಮೂವತ್ತೈದು ಎಂದು ಒತ್ತಿದಳು. ಮಸ್ಕತ್ತಿನಲ್ಲಿ ಕೆಲಸ ಬಿಟ್ಟು ಕೈಕಾಲು ತೊಳೆಯುವ ಹೊತ್ತು.

ಮೂವತ್ತಾರು ಆಗುವವರೆಗೆ ಅಲ್ಲಿಯೇ ನಿಂತಿದ್ದಳು.