ಅಂಗಡಿಯೊಳಗೊಂದು ಮಂಚ

ನನ್ನ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಗೆಲ್ಲ ಗೊತ್ತು. ನಾನೇನೂ ಕಡಿಮೆಯಿಲ್ಲ. ಇಬ್ಬರೂ ಒಂದೇ ಸೂರಿನಡಿ ಇಷ್ಟು ವರ್ಷ ಹೇಗೆ ಬಾಳಿದಿರಿ ಎಂದು ಕೇಳುವವರಿಗೆ ನನ್ನ ಗಂಡನನ್ನು ತೋರಿಸುತ್ತೇನೆ. ಬೆಣ್ಣೆಯಂಥ ಮನುಷ್ಯ. ಮಾತಿಗೆ ಮಾತು ಬೆಳೆಯಿತೆಂದರೆ, ನೀರು ತರುತ್ತೇನೆಂದು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಅತ್ತೆಯದು. ಗುಂಡಿ, ದಾರ, ಜಿಪ್, ಲೇಸು, ಸೂಜಿ. ಗಾಜಿನ ಡಬ್ಬಿಗಳು ಸೂರು ಮುಟ್ಟುವಷ್ಟು. ಬೀದಿಯ ದರ್ಜಿಗಳಿಗೆಲ್ಲ ಅವರು ಗುಂಡಿಯಮ್ಮ. ಆ ಗುಂಡಿಯಮ್ಮ ಮೇಲಿನ ಡಬ್ಬಿ ತೆಗೆಯಲು ಹೋಗಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು.

ನಾನೂ ನನ್ನ ಗಂಡನೂ ಕೂತು ತೀರ್ಮಾನ ಮಾಡಿದೆವು. ಅಂಗಡಿ ಮುಚ್ಚಿ, ಅದನ್ನೇ ಅತ್ತೆಗೆ ಮಲಗುವ ಕೋಣೆ ಮಾಡುವುದು. ಆದರೆ ಅಂಗಡಿಯ ಜಾಗ ಮನೆಯಾಗಬೇಕಾದರೆ ಯೋಜನಾ ಕಚೇರಿಯ ಅನುಮತಿ ಬೇಕು. ಅದಕ್ಕಾಗಿ ಚಪ್ಪಲಿ ಸವೆಸಿದವಳು ನಾನು. ಕೊನೆಗೂ ಕಚೇರಿಯವರು ಬಂದು ನಮ್ಮ ಶಟರಿಗೆ ನೋಟಿಸ್ ಅಂಟಿಸಿದರು: ಆಕ್ಷೇಪಣೆ ಇದ್ದವರು ವಿಚಾರಣೆಗೆ ಬಂದು ಹೇಳಬಹುದು. ಆಸ್ಪತ್ರೆಯಲ್ಲಿದ್ದ ಅತ್ತೆಗೆ ಮಾತ್ರ ನಾವು ಏನೂ ಹೇಳಲಿಲ್ಲ. ನೋವು ತಿನ್ನುತ್ತಿರುವವರಿಗೆ ಈ ತಲೆನೋವು ಯಾಕೆ ಎಂದುಕೊಂಡೆವು.

ಪಕ್ಕದ ಕನ್ನಡಕದ ಅಂಗಡಿಯವರಿಗೆ ಇದು ಹಿಡಿಸಿರಲಿಲ್ಲ. ಅಂಗಡಿ ಸಾಲಿನ ಮಧ್ಯೆ ಒಂದು ಶಟರ್ ಮುಚ್ಚಿದರೆ ಗಿರಾಕಿ ಅಲ್ಲಿಂದಲೇ ವಾಪಸ್ ಹೋಗುತ್ತಾನೆ ಎಂದು ಗೊಣಗಿದ್ದರು. ವಿಚಾರಣೆಯ ದಿನ ಅಧಿಕಾರಿ ಕಡತ ತೆರೆದು, "ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿದಾಗ ನಾನು ಆ ಮನುಷ್ಯನಿಗಾಗಿ ಕುರ್ಚಿಗಳ ಸಾಲಿನಲ್ಲಿ ಹುಡುಕಿದೆ. ಕಾಣಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕನ್ನಡಕದ ಅಂಗಡಿಯವರು ವೀಲ್‌ಚೇರ್ ತಳ್ಳಿಕೊಂಡು ಬಂದರು. ಅದರಲ್ಲಿ, ಆಸ್ಪತ್ರೆಯ ಹೊದಿಕೆ ಹೊದ್ದು, ನನ್ನ ಅತ್ತೆ.

"ನನ್ನದಿದೆ," ಎಂದರು.

ನನ್ನ ಗಂಡ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಆಸೆಯಿಂದ ನೋಡಿದರು. ಅತ್ತೆಯನ್ನು ನೋಡಲು ಹಣ್ಣು ಹಿಡಿದು ಹೋಗಿದ್ದ ಕನ್ನಡಕದ ಅಂಗಡಿಯವರು ಎಲ್ಲವನ್ನೂ ಅವರ ಕಿವಿಗೆ ಊದಿಬಿಟ್ಟಿದ್ದರು.

"ಅಜ್ಜೀ, ಇದು ನಿಮಗೋಸ್ಕರಾನೇ ಹಾಕಿರೋ ಅರ್ಜಿ," ಎಂದರು ಅಧಿಕಾರಿ.

"ನನಗೋಸ್ಕರ ಅಂದ್ಮೇಲೆ ನನ್ನನ್ನ ಕೇಳ್ಬೇಕಿತ್ತಲ್ವಾ? ಮುರಿದಿರೋದು ಸೊಂಟ. ಕೈ ಗಟ್ಟಿಯಾಗಿದೆ, ಕಣ್ಣು ಚೆನ್ನಾಗಿದೆ. ಬಾಯಿ ಹೇಗಿದೆ ಅಂತ ನಮ್ಮ ಸೊಸೇನ ಕೇಳಿ."

ಯಾರೋ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಮೇಲೆ ಹತ್ತೋಕಾಗಲ್ಲ ಅತ್ತೆ. ಎಲ್ಲಿ ಮಲಗ್ತೀರಿ?"

"ಅಂಗಡೀಲೇ. ಒಂದು ಮಂಚ ಹಾಕು. ಅಷ್ಟಕ್ಕೆ ಅಂಗಡಿ ಯಾಕೆ ಮುಚ್ಬೇಕು? ನನಗೆ ಗೋಡೆ ನೋಡ್ಕೊಂಡು ಬಿದ್ದಿರು ಅಂತೀರಾ? ನಾನಿನ್ನೂ ಸತ್ತಿಲ್ಲ ಕಣೇ."

ಕೊನೆಯ ಮಾತಿಗೆ ಅವರ ದನಿ ನಡುಗಿತು. ಇಷ್ಟು ವರ್ಷ ಜಗಳವಾಡಿದ್ದೇನೆ, ಆ ದನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಧಿಕಾರಿ ಹುಬ್ಬು ಗಂಟಿಕ್ಕಿದರು. "ಅಂಗಡಿ ಅಂದ್ರೆ ಅಂಗಡಿ, ಮನೆ ಅಂದ್ರೆ ಮನೆ. ಎರಡೂ ಒಂದೇ ಕಡೆ ಅಂದ್ರೆ ಆಗಲ್ಲ. ನೀವೇನಮ್ಮ ಹೇಳ್ತೀರಿ?"

ನಾನು ಎದ್ದು ನಿಂತೆ. "ಅರ್ಜಿ ವಾಪಸ್ ತಗೋತೀನಿ."

"ಸರಿ. ಆಮೇಲೆ ಅಲ್ಲಿ ಮಂಚ ಹಾಕಿದ್ರೆ ನಮ್ಮವರು ಬಂದು ತೆಗೆಸ್ತಾರೆ."

"ಬರಲಿ," ಎಂದೆ.

ಅತ್ತೆ ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡಿದರು. ಹೊಸದಾಗಿ ಮನೆಗೆ ಬಂದ ಸೊಸೆಯನ್ನು ನೋಡುವ ಹಾಗಿತ್ತು.

ಅತ್ತೆ ಆಸ್ಪತ್ರೆಯಿಂದ ಬಂದಾಗ ಮಂಚವನ್ನು ಅಂಗಡಿಯ ಹಿಂಭಾಗದಲ್ಲಿ ಬಚ್ಚಿಡಲಿಲ್ಲ. ಕೌಂಟರ್‌ನ ಒಳಬದಿಗೇ ಹಾಕಿದೆವು, ಕೂತಲ್ಲಿಂದಲೇ ಅವರ ಕೈಗೆ ದಾರ, ಲೇಸು ಎಲ್ಲ ಸಿಗುವಂತೆ. ಏಣಿ ಹತ್ತುವ ಕೆಲಸ ನನ್ನದಾಯಿತು. "ಅದಲ್ಲ, ಅದರ ಪಕ್ಕದ್ದು. ಕಣ್ಣು ಎಲ್ಲಿಟ್ಕೊಂಡಿದ್ದೀಯ?" ಎಂದು ಕೆಳಗಿನಿಂದ ಬೈಗುಳ. ನಾನೂ ಮೇಲಿನಿಂದ ಬಿಡದೆ ತಿರುಗಿಸಿ ಕೊಟ್ಟೆ. ದರ್ಜಿಗಳಿಗೆ ಪುಕ್ಕಟೆ ನಾಟಕ.

ಕಚೇರಿಯವರು ಹೇಳಿದಂತೆಯೇ ಬಂದರು, ಇಬ್ಬರು. ಅಂಗಡಿ ತುಂಬ ಗಿರಾಕಿಗಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ರಾತ್ರಿ ಇಲ್ಲೇ ಮಲಗ್ತಾರಾ?" ಎಂದು ಒಬ್ಬ ಕೇಳಿದ.

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಮಲಗ್ತಾರೆ. ಬೆಳಗ್ಗೆ ಎದ್ದು ಇಲ್ಲೇ ವ್ಯಾಪಾರಾನೂ ಮಾಡ್ತಾರೆ. ಇದು ಅವರ ಅಂಗಡಿ. ಮಂಚ ಎತ್ತಲೇಬೇಕು ಅಂದ್ರೆ, ಅವರು ಕೂತಿರೋ ಹಾಗೇ ಎತ್ತಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಅತ್ತೆಯ ದನಿ ಬಂತು, "ಯಾರೇ ಅದು?"

"ಗಿರಾಕಿಗಳಲ್ಲ, ಅತ್ತೆ."

"ಹಾಗಾದ್ರೆ ಪಕ್ಕಕ್ಕೆ ನಿಲ್ಲೋಕೆ ಹೇಳು. ಬೆಳಕಿಗೆ ಅಡ್ಡ ಬರ್ತಿದ್ದಾರೆ, ಲೇಸಿನ ಅಳತೆ ಕಾಣ್ತಿಲ್ಲ."

ನಾನು ಹೇಳುವ ಮೊದಲೇ ಇಬ್ಬರೂ ಪಕ್ಕಕ್ಕೆ ಸರಿದು ನಿಂತರು.