ಹದಿನಾಲ್ಕು ಸೂಜಿ ಹೆಚ್ಚು

ಕೊಟ್ಟದ್ದಕ್ಕಿಂತ ಹೆಚ್ಚಾಗಿ ವಾಪಸು ಬರುವುದು ಲೋಕದಲ್ಲಿ ಬೈಗುಳ ಒಂದೇ ಎಂದು ಓಂಕಾರ ತಿಳಿದಿದ್ದ. ಸೂಜಿಯೂ ಹಾಗೆ ಬರಬಹುದು ಎಂದು ಗೊತ್ತಾದದ್ದು 2011ರ ಬೇಸಿಗೆಯಲ್ಲಿ.

ನಾಸಿಕದ ಪಂಚವಟಿಯಲ್ಲಿ, ಲಾರಿಗಳು ನಿಲ್ಲುವ ಬಯಲಿನ ಹಿಂದೆ ಒಂದು ಮುರುಕು ಗೋಡೆ. ಆ ಗೋಡೆಯ ಮರೆಯಲ್ಲಿ ಕೂತು ನಶೆಯ ಮದ್ದು ಚುಚ್ಚಿಕೊಳ್ಳುವ ಹನ್ನೊಂದು ಜನರಿಗೆ ಅವನು ವಾರಕ್ಕೆ ನಲವತ್ತು ಹೊಸ ಸಿರಿಂಜು ಹಂಚುತ್ತಿದ್ದ. ಬಳಸಿದ ಮೇಲೆ ಅವರು ಅವನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಒಬ್ಬರಿಗೆ ಚುಚ್ಚಿದ್ದು ಇನ್ನೊಬ್ಬರಿಗೆ ತಗುಲಬಾರದು, ಎಚ್‌ಐವಿ ಹರಡಬಾರದು, ಕೆಲಸದ ತಿರುಳು ಇಷ್ಟೇ. ಬೇರೆ ಕಡೆ ಅರ್ಧ ವಾಪಸು ಬಂದರೆ ಹಬ್ಬ. ಓಂಕಾರನ ಜನ ನಲವತ್ತನ್ನೂ ತಂದು ಹಾಕುತ್ತಿದ್ದರು, ಅದು ಅವನ ಹೆಮ್ಮೆ. ಈಗ ಮೂರು ವಾರದಿಂದ ಡಬ್ಬಿಯಲ್ಲಿ ಐವತ್ತನಾಲ್ಕು ಸಿಗುತ್ತಿದ್ದವು.

ಅವನಿಗೆ ಈ ಕೆಲಸ ಕೊಟ್ಟ ಸಂಸ್ಥೆಯ ಮೇಲ್ವಿಚಾರಕ ಅರವಿಂದ ಸರ್ ಇದನ್ನು ನೋಡಿ ಕನ್ನಡಕ ತೆಗೆದು ಒರೆಸಿದರು. ಕೋಪ ಬಂದಾಗ ಅವರು ಮಾಡುವುದು ಅದನ್ನೇ.

"ಆಸ್ಪತ್ರೆ ಕಸದಿಂದ ಆರಿಸಿ ಹಾಕಿ ಲೆಕ್ಕ ಉಬ್ಬಿಸ್ತಿದ್ದೀಯಾ?" ಎಂದು ಮರಾಠಿಯಲ್ಲಿ ಕೇಳಿದರು. "ಶುಕ್ರವಾರ ಔರಂಗಾಬಾದಿನ ಕಚೇರಿಯಿಂದ ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಇವು ಎಲ್ಲಿಂದ ಬಂದವು ಅಂತ ಹೇಳು. ಇಲ್ಲದಿದ್ದರೆ ಸುಳ್ಳು ವರದಿ ಅಂತ ಬರೀತೀನಿ. ಆಮೇಲೆ ನಿನಗೆ ಇಲ್ಲಿ ಕೆಲಸ ಇಲ್ಲ."

ಅವರನ್ನು ದೂರಿ ಪ್ರಯೋಜನವಿಲ್ಲ. ಒಂದು ಕಾಲದಲ್ಲಿ ಓಂಕಾರನೂ ಅದೇ ಗೋಡೆಯ ಮರೆಯಲ್ಲಿ ಕೂತವನು. ಅಂಥ ಅನುಭವ ಇರುವವರನ್ನೇ ಈ ಕೆಲಸಕ್ಕೆ ಹಿಡಿಯುತ್ತಾರೆ, ಯಾಕೆಂದರೆ ಗೋಡೆಯ ಜನ ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಗದಗದಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ವಿಶ್ವನಾಥಪ್ಪನವರ ಮಗನಾದ ಅವನು ಮನೆಯವರಿಗೆ ಕನ್ನಡದಲ್ಲಿ, ಗೆಳೆಯರಿಗೆ ಮರಾಠಿಯಲ್ಲಿ, ಪೊಲೀಸರಿಗೆ ಹಿಂದಿಯಲ್ಲಿ ಸುಳ್ಳು ಹೇಳಿ ಪಳಗಿದ್ದ. ಬಿಟ್ಟು ಎರಡು ವರ್ಷವಾಗಿತ್ತು. ಮೈಯಿಂದ ನಶೆ ಇಳಿದರೂ ಹೆಸರಿನಿಂದ ಸುಳ್ಳು ಇಳಿದಿರಲಿಲ್ಲ. ತನ್ನ ಮಾತನ್ನು ನಾಲ್ಕು ಜನ ನಂಬುವ ಜಾಗ ಎಂದು ಅವನಿಗಿದ್ದದ್ದು ಈ ಕಚೇರಿಯೊಂದೇ.

ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಗಿಂತ ಒಂದು ಹಿಡಿ ಹೆಚ್ಚಾಗಿ ಕುತೂಹಲ ಅವನನ್ನು ಕಾಡಿತು. ಹದಿನಾಲ್ಕು ಎಂದರೆ ದಿನಕ್ಕೆ ಎರಡು, ವಾರದ ಏಳು ದಿನವೂ, ಒಂದೂ ತಪ್ಪದೆ. ಇಷ್ಟು ಶಿಸ್ತಿನ ನಶೆಗಾರನನ್ನು ಅವನು ಕಂಡಿರಲಿಲ್ಲ. ಎಲ್ಲಕ್ಕೂ ಮುಚ್ಚಳ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಕಾಗದದಲ್ಲಿ ಪೊಟ್ಟಣ ಕಟ್ಟಿರುತ್ತಿತ್ತು. ಮಂಗಳವಾರದ ಪೊಟ್ಟಣವನ್ನು ಕೈಗವಸು ಹಾಕಿಕೊಂಡು ಬಿಡಿಸಿದಾಗ ಅವನ ಕಣ್ಣು ಕಾಗದದ ಮೇಲೆ ನಿಂತಿತು. ಕನ್ನಡ. ಅದರಲ್ಲೂ ವಾರಪತ್ರಿಕೆಯ ಪದಬಂಧದ ಪುಟ, ನೀಲಿ ಶಾಯಿಯಲ್ಲಿ ಮುಕ್ಕಾಲು ತುಂಬಿದ್ದು. ನಾಸಿಕದಲ್ಲಿ ಹುಟ್ಟಿ ಬೆಳೆದ ಓಂಕಾರನಿಗೆ ಕನ್ನಡ ಓದುವುದೆಂದರೆ ಕಲ್ಲು ಆರಿಸಿದ ಹಾಗೆ, ಒಂದೊಂದೇ ಅಕ್ಷರ. ಆದರೂ ಓದಿದ. ಅಕ್ಷರ ಗುಂಡಗಿದ್ದವು, ಹಳೆಯ ಶಾಲೆಯ ಕೈಬರಹ.

ಪೊಟ್ಟಣ ಬರುತ್ತಿದ್ದದ್ದು ಮಂಗಳವಾರ. ಅಂದು ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಕಾಯಿಪಲ್ಯದ ಸಂತೆ. ಅವನು ಮಾತ್ರ ಡಬ್ಬಿ ತೆರೆಯಲು ಹೋಗುತ್ತಿದ್ದದ್ದು ಮಧ್ಯಾಹ್ನ, ಹಾಗಾಗಿ ತಂದು ಹಾಕುವವರು ಕಣ್ಣಿಗೆ ಬಿದ್ದಿರಲಿಲ್ಲ. ತಪಾಸಣೆಗೆ ಮುಂಚೆ ಇನ್ನೊಂದು ಮಂಗಳವಾರ ಇಲ್ಲ, ಶುಕ್ರವಾರಕ್ಕೆ ಇನ್ನು ಮೂರೇ ದಿನ. ಆಗ ನೆನಪಾದವಳು ಮಾಳವ್ವ. ಆ ಭಾಗದ ಕಸ ಗುಡಿಸುವ ವಿಜಾಪುರದ ಹೆಂಗಸು. ತಿಂಗಳ ಹಿಂದೆ ಕಸದೊಳಗಿನ ಸೂಜಿ ಅವಳ ಬೆರಳಿಗೆ ಚುಚ್ಚಿ, ಓಂಕಾರನೇ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದ. ಪುಣ್ಯಕ್ಕೆ ಏನೂ ಆಗಿರಲಿಲ್ಲ.

"ಕನ್ನಡ ಪೇಪರ ಯಾರ ಮನಿ ಕಸದಾಗ ಬರ್ತದ, ಮಾಳವ್ವಾ?" ಎಂದು ಕೇಳಿದ.

"ಒಂದ ಮನಿ ಐತಿ. ವಿಮಾನ ಫ್ಯಾಕ್ಟರಿಯಿಂದ ರಿಟೈರ್ ಆದ ಗುರುಸಿದ್ದಪ್ಪನವರ್ದು. ಸೂಜಿ ಚುಚ್ಚಿದ್ದೂ ಅವರ ಮನಿ ಕಸದಾಗನ. ಆ ಮನಿ ಅವ್ವಾರು ಭಾಳ ಅತ್ತರು. ನಿನ್ನ ಡಬ್ಬಿ ಸುದ್ದಿ ನಾನ ಹೇಳಿದೆ," ಎಂದಳು ಮಾಳವ್ವ.

ಬುಧವಾರ ಹನ್ನೊಂದಕ್ಕೆ ಓಂಕಾರ ಆ ಮನೆಯ ಬಾಗಿಲಲ್ಲಿದ್ದ. ತೆರೆದವರು ಐವತ್ತೆಂಟರ ಆಸುಪಾಸಿನ ಗಿರಿಜಮ್ಮ, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ಗುರುಸಿದ್ದಪ್ಪನವರು ಅಂಚೆ ಕಚೇರಿಗೆ ಹೋಗಿದ್ದರು.

"ಯಾರಪಾ ನೀ? ಯಾರ ಪೈಕಿ?" ಎಂದು ಕೇಳಿದರು. ಕನ್ನಡದವರು ಕಾಶಿಗೆ ಹೋದರೂ ಮೊದಲು ಕೇಳುವುದು ಇದನ್ನೇ.

"ವಿಶ್ವನಾಥಪ್ಪನವರ ಮಗ. ಬ್ಯಾಂಕಿನವರು."

ಗಿರಿಜಮ್ಮನ ಮುಖ ಬಿಗಿಯಿತು. "ಬಸವ ಜಯಂತಿ ದಿನ ಕನ್ನಡ ಸಂಘದ ಬಚ್ಚಲದಾಗ ಸೂಜಿ ಹಿಡಕೊಂಡು ಬಿದ್ದಿದ್ದ ಹುಡುಗ?"

"ಹೌದ್ರಿ, ಅವನ," ಎಂದ ಓಂಕಾರ. ಸುಳ್ಳು ಹೇಳಿ ಏನು ಪ್ರಯೋಜನ, ಇಡೀ ಸಂಘ ನೋಡಿತ್ತು. "ಈಗ ಬಿಟ್ಟೇನ್ರಿ. ಡಬ್ಬಿ ನಂದು. ಅದರಾಗ ನೀವು ಹಾಕೋ ಸೂಜಿ ಯಾರ್ವು ಅಂತ ಕೇಳಾಕ ಬಂದೇನಿ."

"ಸಕ್ಕರಿ ಕಾಯಿಲೆದ್ದು," ಎಂದರು ಗಿರಿಜಮ್ಮ ಬೇಗನೆ. ಓಂಕಾರನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಅದೇ ಉತ್ತರವನ್ನು ಅರವಿಂದ ಸರ್‌ಗೆ ಒಪ್ಪಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತಿಳಿದವನಿಗೆ ತಿಳಿಯದವನಂತೆ ಇರುವುದು ಕಷ್ಟ.

"ಸಕ್ಕರಿ ಸೂಜಿ ಕೂದಲಿನಂಗ ಇರ್ತದ್ರಿ. ಇವು ದಪ್ಪ ಅವ," ಎಂದ ಮೆಲ್ಲಗೆ.

ಗಿರಿಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಹೊಸ್ತಿಲ ಪಕ್ಕ ಕೂತು ತಮ್ಮ ಕತೆ ಹೇಳಿದರು. ನಾಲ್ಕು ವರ್ಷದ ಹಿಂದೆ ಬೆನ್ನಿನ ಆಪರೇಷನ್. ನೋವಿಗೆಂದು ಕಾಂಪೌಂಡರ್ ಮನೆಗೆ ಬಂದು ದಿನಕ್ಕೆ ಎರಡು ಸೂಜಿ ಕೊಡುತ್ತಿದ್ದ. ಆಮೇಲೆ ತಾವೇ ಹಾಕಿಕೊಳ್ಳಲು ಕಲಿತರು. ನೋವು ಹೋಯಿತು, ಸೂಜಿ ಹೋಗಲಿಲ್ಲ. ಒಂದು ದಿನ ತಪ್ಪಿದರೆ ಮೈ ಹಿಂಡುತ್ತದೆ, ಬೆವರು, ವಾಂತಿ. ಔಷಧಿ ಅಂಗಡಿಯವನು ಹಳೆಯ ಚೀಟಿಯ ಮೇಲೇ ಕೊಡುತ್ತಾನೆ.

"ನಮ್ಮವರು ಶಕ್ತಿದ ಇಂಜೆಕ್ಷನ್ ಅಂತ ತಿಳಿದಾರ. ನಾನು ಅಂಥಾಕಿ ಅಲ್ಲಪಾ," ಎಂದರು.

ಇದೇ ಮಾತನ್ನು ಓಂಕಾರ ಐದು ವರ್ಷ ಹೇಳಿಕೊಂಡಿದ್ದ. ಅದಕ್ಕೆ ಎದುರುಮಾತು ಆಡಲಿಲ್ಲ. "ಚುಚ್ಚಿದಲ್ಲಿ ಗಾಯ ಆಗೇದೇನ್ರಿ?" ಎಂದಷ್ಟೇ ಕೇಳಿದ.

ಅವರು ತೊಡೆಯ ಮೇಲೆ ಸೆರಗು ಎಳೆದುಕೊಂಡರು. ಅಷ್ಟರಿಂದಲೇ ಅವನಿಗೆ ಗೊತ್ತಾಯಿತು. ಕೀವಾಗಿದೆ, ತಡ ಮಾಡಿದರೆ ನಂಜು ಏರುತ್ತದೆ. ಸಂಸ್ಥೆಯಲ್ಲಿ ಡಾಕ್ಟರ್ ಇದ್ದಾರೆ, ಹೆಸರು ಕೇಳುವುದಿಲ್ಲ, ನಂಬರ್ ಕೊಡುತ್ತಾರೆ, ಚಟಕ್ಕೂ ಮೆಲ್ಲಗೆ ಇಳಿಸುವ ಮದ್ದು ಉಂಟು ಎಂದು ತನ್ನ ಮುರುಕು ಕನ್ನಡದಲ್ಲೇ ಹೇಳಿದ. ಗಿರಿಜಮ್ಮ ಕೈ ಮುಗಿದರು. "ಯಾರ ಮುಂದೂ ಹೇಳಬ್ಯಾಡ. ಕನ್ನಡದವರಿಗೆ ಗೊತ್ತಾದ್ರ ನಾ ಉಳಿಯಂಗಿಲ್ಲ." ಹೇಳುವುದಿಲ್ಲ ಎಂದು ಮಾತು ಕೊಟ್ಟು ಅವನು ಮೆಟ್ಟಿಲಿಳಿದ.

ಶುಕ್ರವಾರ ಔರಂಗಾಬಾದಿನವರು ಬಂದು ಕೂತರು. ಅರವಿಂದ ಸರ್ ಕೇಳಿದರು, "ಹದಿನಾಲ್ಕು ಎಲ್ಲಿಂದ ಬಂದವು?"

"ಗೊತ್ತಾಗಿದೆ ಸರ್. ಒಬ್ಬರಿದ್ದಾರೆ. ಯಾರು ಅಂತ ಹೇಳಲಾರೆ."

"ಹೆಸರು ಬೇಡ. ಕರೆದುಕೊಂಡು ಬಾ, ನಂಬರ್ ಕೊಡ್ತೀವಿ."

"ಬರಲು ಒಪ್ಪಿಲ್ಲ. ನಾನು ಮಾತು ಕೊಟ್ಟಿದ್ದೀನಿ."

ಬಂದವರಲ್ಲೊಬ್ಬರು ಮುಗುಳ್ನಕ್ಕರು. ಆ ನಗುವನ್ನು ಓಂಕಾರ ಮನೆಯಲ್ಲೂ ಠಾಣೆಯಲ್ಲೂ ನೂರು ಸಲ ಕಂಡಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ನಗು. ಸಂಜೆಯೊಳಗೆ ಸುಳ್ಳು ವರದಿ ಎಂದು ಕಾಗದ ಬರೆದಾಯಿತು, ಮಂಗಳವಾರ ಡಬ್ಬಿ ಕಿತ್ತು ತಂದು ಒಪ್ಪಿಸಿ ಹೋಗು ಎಂದಾಯಿತು. ಅವನಿಗೆ ಅಳು ಬಂತು. ನಿಜ ಹೇಳಿದ್ದಕ್ಕೆ ಸುಳ್ಳುಗಾರನಾದದ್ದು ಇದೇ ಮೊದಲು.

ಮಂಗಳವಾರ ಬೆಳಿಗ್ಗೆ ಅವನು ಗೋಡೆಯಿಂದ ಮೊಳೆ ಕೀಳುತ್ತಿದ್ದಾಗ ಗಿರಿಜಮ್ಮ ಮೆಂತ್ಯೆ ಸೊಪ್ಪಿನ ಚೀಲ ಹಿಡಿದು ಬಂದರು. ಕಾಲು ಕುಂಟುತ್ತಿತ್ತು.

"ಯಾಕ ಕೀಳಾಕ ಹತ್ತಿ?"

"ಲೆಕ್ಕ ಸುಳ್ಳು ಅಂತ ಬರದಾರ್ರಿ. ಕೆಲಸ ಬಿಡಿಸ್ಯಾರ."

"ನನ್ನ ಹೆಸರ ಹೇಳಲಿಲ್ಲೇನು?"

"ಇಲ್ರಿ."

"ಸುಳ್ಳುಗಾರ ಅನಿಸಿಕೊಂಡ್ಯಾ?"

"ಮೊದಲೂ ಅಂತಿದ್ರು ಬಿಡ್ರಿ. ಆವಾಗ ಅದು ಖರೇ ಇತ್ತು," ಎಂದ ಓಂಕಾರ. ನಗಲು ನೋಡಿದ, ಆಗಲಿಲ್ಲ.

ಗಿರಿಜಮ್ಮ ರಸ್ತೆಗೆ ಹೋಗಿ ತಾವೇ ಆಟೋ ನಿಲ್ಲಿಸಿದರು. "ನಡಿ. ಎಲ್ಲಿ ಅದ ನಿಮ್ಮ ಆಫೀಸು?" ಏನಾಗುತ್ತದೋ ನೋಡೋಣ ಎಂದು ಓಂಕಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ವಿಭೂತಿ ಹಚ್ಚಿದ ಹೆಂಗಸನ್ನು ಕಂಡು ಅರವಿಂದ ಸರ್ ಬೇಸರದಿಂದ ಕನ್ನಡಕ ತೆಗೆದರು. "ಆಯಿ, ಮಗನ ಪರವಾಗಿ ಬಂದು ಪ್ರಯೋಜನ ಇಲ್ಲ. ತೀರ್ಮಾನ ಆಗಿದೆ."

"ನಾನು ಇವನ ತಾಯಿ ಅಲ್ಲ," ಎಂದರು ಗಿರಿಜಮ್ಮ, ಮೂವತ್ತು ವರ್ಷದಲ್ಲಿ ಕಲಿತ ಮರಾಠಿಯಲ್ಲಿ. ಸೊಪ್ಪಿನ ಅಡಿಯಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ಆ ಸೂಜಿ ನನ್ನವು. ಎಣಿಸಿ ನೋಡಿ."

ಅರವಿಂದ ಸರ್ ಎದ್ದು ನಿಂತು ತಮ್ಮ ಕುರ್ಚಿಯನ್ನೇ ಅವರತ್ತ ಸರಿಸಿದರು. ಡಾಕ್ಟರನ್ನು ಕರೆಯಲು ಒಳಗೆ ಕೂಗಿದರು. ಗಿರಿಜಮ್ಮ ಕೂರಲಿಲ್ಲ.

"ಮೊದಲು ಇವನ ಮೇಲೆ ಬರೆದ ಕಾಗದ ಹರಿಯಿರಿ," ಎಂದರು. "ಆಮೇಲೆ ಗಾಯ ತೋರಿಸ್ತೀನಿ."