ಬದಲಿಸದ ಬೆಲ್ಟು, ತಪ್ಪಿದ ಪರೀಕ್ಷೆ

ಮೋಟೆಬೆನ್ನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಹಾಲೇಶಪ್ಪನಿಗೆ ತನ್ನ ಹದಿನಾಲ್ಕು ವರ್ಷದ ಹಳೆಯ ಕಾರೆಂದರೆ ಬಲು ಹೆಮ್ಮೆ. ಸರ್ವಿಸಿಗೆಂದು ಬ್ಯಾಡಗಿಗೆ ಒಯ್ದಾಗ ಮೆಕ್ಯಾನಿಕ್ ಯೂಸುಫಸಾಬ ಒಂದು ಮಾತು ಹೇಳಿದ.

“ಅಣ್ಣಾರ, ಟೈಮಿಂಗ್ ಬೆಲ್ಟ್ ಬದಲಿ ಮಾಡ್ಸೂ ವ್ಯಾಳ್ಯಾ ದಾಟಿ ಎರಡು ವರ್ಷ ಆಗೇತಿ ನೋಡ್ರಿ. ಎಂಜಿನ್ ಒಳಗಿನ ಸಾಮಾನು ಒಂದಕ್ಕೊಂದು ಹೊಂದಿ ತಿರಗೂದು ಆ ರಬ್ಬರ್ ಪಟ್ಟಿಯಿಂದನ. ಅದು ಹರೀತಂದ್ರ ಗಾಡಿ ಅಲ್ಲೇ ನಿಲ್ತೈತಿ.”

“ಚಲೋ ಓಡಾಕತ್ತೇತಲ್ಲೋ, ಒಂದು ಸಪ್ಪಳಿಲ್ಲ.”

“ಅದು ಸಪ್ಪಳ ಮಾಡಿ, ಹೇಳಿ ಹರಿಯಂಗಿಲ್ರಿ.”

ಹಾಲೇಶಪ್ಪ ನಕ್ಕುಬಿಟ್ಟ. ಅದೇ ವಾರ ರಾಣೆಬೆನ್ನೂರಿಗೆ ಹೋಗಿ ಕಾರಿಗೆ ಹೊಸ ಸೀಟ್ ಕವರ್ ಹಾಕಿಸಿಕೊಂಡು ಬಂದ. ಯೂಸುಫಸಾಬ ಹೇಳಿದ್ದನ್ನು ಗಂಡನಿಂದಲೇ ತಿಳಿದಿದ್ದ ಹೆಂಡತಿ ಗದಿಗೆವ್ವ ಬೆಲ್ಟಿನ ಬಗ್ಗೆ ಕೇಳಿದಾಗ, “ಹಾಕ್ಸೇನಿ” ಎಂದು ಸುಳ್ಳು ಹೇಳಿದ.

ಮುಂದಿನ ತಿಂಗಳು ಪಕ್ಕದ ಮನೆಯ ಶ್ವೇತಾಳಿಗೆ ಹಾವೇರಿಯಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆ ಇತ್ತು. ಅದಕ್ಕಾಗಿಯೇ ಎರಡು ವರ್ಷ ಓದಿದ್ದ ಹುಡುಗಿ. ಏಳೂವರೆ ಬಸ್ಸಿಗೆ ಹೊರಟು ನಿಂತವಳನ್ನು ಹಾಲೇಶಪ್ಪನೇ ತಡೆದ.

“ಬಸ್ಸಿನ್ಯಾಗ ಯಾಕ ಒದ್ದಾಡ್ತಿ ಮಗಳ? ಹತ್ತಕ್ಕ ಗೇಟ್ ಹಾಕೂದು ಹೌದಿಲ್ಲೋ? ಒಂಬತ್ತಕ್ಕ ಬಿಟ್ರೂ ಅರ್ಧ ತಾಸಿನ್ಯಾಗ ಮುಟ್ಟಿಸ್ತೇನಿ.”

ಹೆದ್ದಾರಿಯಲ್ಲಿ ಏಳೆಂಟು ಕಿಲೋಮೀಟರ್ ಹೋಗಿರಬಹುದು, ಎಂಜಿನ್ ಫಕ್ಕನೆ ಬಂದಾಯಿತು. ಕಾರು ಉರುಳುತ್ತಾ ರಸ್ತೆಯ ಬದಿಗೆ ಬಂದು ನಿಂತಿತು. ಹಾಲೇಶಪ್ಪ ಕೀಲಿ ತಿರುವಿದ. ಒಳಗೆ ಗಿರಗಿರ ಸದ್ದಾಯಿತೇ ಹೊರತು ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುವಿದ.

“ಕಾಕಾ, ಬ್ಯಾರೆ ಗಾಡಿಗೆ ಕೈ ಮಾಡ್ಲೇನು?”

“ತಡಿ, ಈಗ ಚಾಲೂ ಆಕ್ಕೈತಿ.”

ಇಪ್ಪತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ ಶ್ವೇತಾ ತಾನೇ ಇಳಿದು, ಹೋಗುವ ಗಾಡಿಗಳಿಗೆಲ್ಲ ಕೈ ಮಾಡಿದಳು. ಬಹಳ ಹೊತ್ತಿನ ಮೇಲೆ ಒಂದು ಹಾಲಿನ ಗಾಡಿ ನಿಂತಿತು. ಹತ್ತು ದಾಟಿ ಹತ್ತು ನಿಮಿಷಕ್ಕೆ ಅವಳ ಫೋನ್ ಬಂತು. “ಒಳಗ ಬಿಡಲಿಲ್ಲ ಕಾಕಾ.” ಅಷ್ಟೇ ಹೇಳಿ ಇಟ್ಟಳು.

ಹಾಲೇಶಪ್ಪನ ಸಿಟ್ಟೆಲ್ಲ ಯೂಸುಫಸಾಬನ ಮೇಲೆ ತಿರುಗಿತು. “ಸರ್ವಿಸ್ ಮಾಡ್ತೇನಂತ ಏನು ಕೆಡಿಸಿಟ್ಟೀಪಾ?” ಎಂದು ಫೋನಿನಲ್ಲೇ ಬೈದ. ಯೂಸುಫಸಾಬ “ಬರ್ತೇನಿ ತಡೀರಿ” ಎಂದ. ಬಂದು ಕಾರನ್ನು ಬ್ಯಾಡಗಿಗೆ ಎಳೆಸಿಕೊಂಡು ಹೋದ. ಹಾಲೇಶಪ್ಪನೂ ಜೊತೆಗೆ ಹೋದ.

ಸುದ್ದಿ ತಿಳಿದ ಗದಿಗೆವ್ವ ಗ್ಯಾರೇಜಿಗೇ ಬಂದಳು. ಅವಳೆದುರಿಗೇ ಯೂಸುಫಸಾಬ ಎಂಜಿನ್ನಿನ ಮಗ್ಗುಲಿನ ಮುಚ್ಚಳ ಬಿಚ್ಚಿದ. ಬೆಲ್ಟು ಚಿಂದಿಯಾಗಿ ಕೈಗೆ ಬಂತು.

“ಪಟ್ಟಿ ಒಂದ ಅಲ್ರೀ ಅಕ್ಕಾರ, ಸಾಮಾನು ಒಂದಕ್ಕೊಂದು ಬಡದು ಒಳಗ ವಾಲ್ವ್ ಬಾಗ್ಯಾವ. ಎಂಜಿನ್ನ ಬಿಚ್ಚಬೇಕು.”

“ಇದು ಹೊಸಾದಲ್ಲೇನು? ಹೋದ ತಿಂಗಳ ಹಾಕಿದ್ದು ಇಷ್ಟ ಲಗೂ ಹೆಂಗ ಹರೀತಪಾ?”

ಯೂಸುಫಸಾಬ ಹಾಲೇಶಪ್ಪನ ಮುಖ ನೋಡಿದ. ಅರಿವೆಯಿಂದ ಕೈ ಒರೆಸಿಕೊಂಡ. ಅವನು ಬಾಯಿಬಿಟ್ಟು ಬೈದಿದ್ದರೂ ಹಾಲೇಶಪ್ಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಅವ ಬದಲಿ ಮಾಡ್ಸಂತ ಹೇಳಿದ್ದ,” ಎಂದ ನೆಲ ನೋಡುತ್ತಾ. “ನಾನ ಹಾಕ್ಸಲಿಲ್ಲ. ನಿನಗೂ ಸುಳ್ಳು ಹೇಳಿದೆ.”

ಸಂಜೆ ಶ್ವೇತಾಳ ಮನೆಗೆ ಹೋದ. ಅವಳು ಎಂದಿನಂತೆ ನೀರು ತಂದುಕೊಟ್ಟಳು. ಅವನು ಲೋಟವನ್ನು ಹಾಗೇ ಕೆಳಗಿಟ್ಟ.

“ತಪ್ಪಾತು ಮಗಳ. ಬೆಲ್ಟ್ ಹಳೇದಾಗೇತಂತ ನನಗ ಗೊತ್ತಿತ್ತು.”

ಶ್ವೇತಾ ತಲೆಯೆತ್ತಿದಳು. “ಗೊತ್ತಿದ್ದೂ ಹತ್ತಿಸ್ಕೊಂಡ್ರೇನು ಕಾಕಾ?”

ಹಾಲೇಶಪ್ಪ ಕೈ ಮುಗಿದು ಎದ್ದುಬಂದ. ಈಗ ಕಾರು ರಿಪೇರಿಯಾಗಿದೆ. ಮುಂದಿನ ಬೆಲ್ಟು ಯಾವಾಗ ಹಾಕಿಸಬೇಕೆಂದು ಗದಿಗೆವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ. ಅಂಗಡಿಗೆ ಕಾರಿನಲ್ಲಿ ಬಂದವರಿಗೆಲ್ಲ ಹಾಲೇಶಪ್ಪ ತನ್ನ ತಪ್ಪನ್ನು ತಾನೇ ಹೇಳುತ್ತಾನೆ. ಶ್ವೇತಾ ಮತ್ತೆ ಅರ್ಜಿ ಹಾಕಿ ಓದುತ್ತಿದ್ದಾಳೆ. ಅವಳ ಮನೆಯ ಮುಂದೆ ಹಾಯುವಾಗ ಮಾತ್ರ ಅವನ ತಲೆ ಇನ್ನೂ ತಗ್ಗುತ್ತದೆ.

ನಿಮ್ಮ ಮನೆಯಲ್ಲೂ ಹಳೆಯ ಕಾರಿದೆಯೇ? ಕೆಲವು ಕಾರುಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂದು ಮೆಕ್ಯಾನಿಕ್‌ರನ್ನು ಇಂದೇ ಕೇಳಿ. ಬೆಲ್ಟಿದ್ದರೆ, ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಯಾವುದು ಮೊದಲು ಬರುತ್ತದೋ ಆಗಲೇ ಬದಲಿಸಿ. ಓಡುವಾಗ ಎಂಜಿನ್ ತಟ್ಟನೆ ನಿಂತರೆ ಮತ್ತೆ ಮತ್ತೆ ಕೀಲಿ ತಿರುವಬೇಡಿ, ಒಳಗಿನ ಭಾಗಗಳು ಇನ್ನಷ್ಟು ಕೆಡಬಹುದು. ನಿಮ್ಮನ್ನು ನಂಬಿ ಕಾರು ಹತ್ತುವವರ ಮುಂದೆ ತಲೆ ತಗ್ಗಿಸುವ ದಿನ ನಿಮಗೆ ಬಾರದಿರಲಿ.